ಮನೆಯ ಕಸವು ನಡೆದು ಬಂದ ದಾರಿ

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ, ಕುಡತಿನಿ ಎಂಬ ಊರಿನ ಸಮೀಪದಲ್ಲಿ, ದೂರದಿಂದ ನೋಡುವವರಿಗೆ ಸಾಮಾನ್ಯವಾದ ಮಣ್ಣಿನ ಗುಡ್ಡೆಯೆಂದು ತೋರುವ ಒಂದು ದಿಬ್ಬವಿದೆ. ಹತ್ತಿರ ಹೋಗಿ ಕೆದಕಿದರೆ ಅದು ಮಣ್ಣಲ್ಲ, ಅಲ್ಲಲ್ಲಿ ಹುಡಿಹುಡಿಯಾಗಿ ಉಳಿದಿರುವ, ಅಲ್ಲಲ್ಲಿ ಪ್ರಚಂಡವಾದ ಶಾಖಕ್ಕೆ ಕರಗಿ ಕಿಟ್ಟದಂತೆ ಗಟ್ಟಿಯಾಗಿರುವ ಬೂದಿ ಎಂಬುದು ಗೊತ್ತಾಗುತ್ತದೆ. ಹಂಪೆಯ ನೆರೆಯ ನಿಂಬಾಪುರದಲ್ಲಿಯೂ ಇಂಥದೊಂದು ದಿಬ್ಬವುಂಟು. ಅದನ್ನು ಸುತ್ತಣ ಜನರು ವಾಲಿಯ ಚಿತಾಭಸ್ಮವೆಂದು ಪರಂಪರೆಯಿಂದ ನಂಬಿಕೊಂಡು ಬಂದಿದ್ದಾರೆ. ಈ ಬೂದಿದಿಬ್ಬಗಳ ವಿಷಯದಲ್ಲಿ ವಿದ್ವಾಂಸರು ಬಹುಕಾಲ ಬಗೆಬಗೆಯ ಊಹೆಗಳನ್ನು ಮಾಡಿದರು. ಇದು ಸಗಣಿ ಸುಟ್ಟ ಬೂದಿಯೆಂದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ತರ್ಕಿಸಿದನು. ಕೊನೆಗೆ 1957ರಲ್ಲಿ ರೇಮಂಡ್ ಆಲ್ಚಿನ್ ಎಂಬ ಪುರಾತತ್ತ್ವಜ್ಞನು ಕೃಷ್ಣಾತೀರದ ಆಚೆಯ ಉಟ್ನೂರಿನಲ್ಲಿ ಇದೇ ಜಾತಿಯ ದಿಬ್ಬವೊಂದನ್ನು ಅಗೆಯಿಸಿ, ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳನ್ನು ಕಂಡ ಮೇಲೆ, ಇವು ನವಶಿಲಾಯುಗದ ಗೋಪಾಲಕರು ತಮ್ಮ ದೊಡ್ಡಿಗಳಲ್ಲಿ ತಲೆತಲಾಂತರದಿಂದ ಕೂಡಿಹಾಕಿ, ಕಾಲಕಾಲಕ್ಕೆ ಸುಟ್ಟ ಸಗಣಿಯ ರಾಶಿಗಳೆಂಬುದು ಸ್ಥಿರವಾಯಿತು.

ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಈ ನೆಲದಲ್ಲಿ ಬಾಳಿದವರ ಮನೆಗಳು ಉಳಿಯಲಿಲ್ಲ, ಅವರಾಡಿದ ನುಡಿ ಉಳಿಯಲಿಲ್ಲ, ಅವರ ದೇವರುಗಳ ಹೆಸರು ನಮಗೆ ತಿಳಿಯದು. ಉಳಿದದ್ದು ಅವರ ತಿಪ್ಪೆ. ದೇವಾಲಯ, ಶಾಸನ, ಕೋಟೆಗಳನ್ನು ಓದಿ ರಾಜರ ಚರಿತ್ರೆಯನ್ನು ಬರೆಯುವಂತೆ, ಒಂದು ನಾಡಿನ ಜನ ಯಾವುದನ್ನು ಬೇಡವೆಂದು ಬಿಟ್ಟರು, ಬಿಟ್ಟದ್ದನ್ನು ಎಲ್ಲಿ ಇಟ್ಟರು, ಇಟ್ಟದ್ದು ಮರಳಿ ಯಾವ ರೂಪದಲ್ಲಿ ಅವರ ಬಾಳಿಗೆ ಬಂದಿತು ಎಂಬುದನ್ನು ಓದಿ ಗೃಹಸ್ಥರ ಚರಿತ್ರೆಯನ್ನು ಬರೆಯುವುದಕ್ಕೆ ಸಾಧ್ಯವಿದೆ. ಆ ಚರಿತ್ರೆಯಲ್ಲಿ ನಮ್ಮ ನಾಡಿಗೆ, ಅದರಲ್ಲಿಯೂ ಬೆಂಗಳೂರಿಗೆ ಸಂಬಂಧಪಟ್ಟ ಅಧ್ಯಾಯವೊಂದು ಮರೆತುಹೋಗಿದೆ; ಅದು ಮರೆತುಹೋಗಬಾರದೆಂಬ ಕಳಕಳಿಯಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ನಮ್ಮ ಹಳ್ಳಿಗಳಲ್ಲಿ ತಿಪ್ಪೆಯೆಂದರೆ ಎಸೆದದ್ದು ಹೋಗಿ ಬೀಳುವ ಸ್ಥಳವಲ್ಲ, ಕೂಡಿಡುವ ಸ್ಥಳ. ಕೊಟ್ಟಿಗೆಯ ಸಗಣಿ, ಗಂಜಲದಲ್ಲಿ ನೆನೆದ ಹುಲ್ಲು, ಒಲೆಯ ಬೂದಿ, ಅಂಗಳದ ಕಸ, ಕಣದಲ್ಲಿ ಉಳಿದ ಹೊಟ್ಟು ಇವೆಲ್ಲ ದಿನವೂ ಬೆಳಗಿನ ಹೊತ್ತು ಮಂಕರಿಯಲ್ಲಿ ಹೋಗಿ ತಿಪ್ಪೆಗುಂಡಿಯನ್ನು ಸೇರುತ್ತಿದ್ದುವು. ವರ್ಷಕ್ಕೊಮ್ಮೆ, ಮುಂಗಾರಿನ ಮೊದಲ ಮಳೆಗೆ ಮುನ್ನ, ಗಾಡಿಯಲ್ಲಿ ತುಂಬಿ ಹೊಲಕ್ಕೆ ಹೋಗುತ್ತಿದ್ದುವು. ಟಿಪ್ಪುವಿನ ಪತನದ ತರುವಾಯ, 1800 ಮತ್ತು 1801ರಲ್ಲಿ, ಕಂಪನಿ ಸರ್ಕಾರದ ಅಪ್ಪಣೆಯಂತೆ ಮೈಸೂರು, ಕೆನರಾ, ಮಲಬಾರು ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ನಮ್ಮ ರೈತರು ಗೊಬ್ಬರವನ್ನು ಸಂಗ್ರಹಿಸುತ್ತಿದ್ದ ಕ್ರಮವನ್ನು ಊರಿಂದೂರಿಗೆ ಗಮನಿಸುತ್ತ ಹೋದನು. 1807ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದ ಮೂರು ಸಂಪುಟಗಳಲ್ಲಿ ಬೆಳೆಗಳ ವಿಚಾರ ಬಂದಲ್ಲೆಲ್ಲ ಗೊಬ್ಬರದ ವಿಚಾರವೂ ಬರುತ್ತದೆ. ಮಲೆನಾಡಿನಲ್ಲಿ, ವಿಶೇಷವಾಗಿ ಶಿರಸಿ ಸಿದ್ದಾಪುರಗಳ ಕಡೆ, ಇದೇ ವ್ಯವಸ್ಥೆ ಬೇರೊಂದು ರೂಪವನ್ನು ತಾಳಿತು. ಅಲ್ಲಿ ಅಡಕೆಯ ತೋಟವುಳ್ಳವನಿಗೆ ಸೊಪ್ಪಿನ ಬೆಟ್ಟದ ಹಕ್ಕುಂಟು. ಒಂದು ಎಕರೆ ತೋಟಕ್ಕೆ ಸುಮಾರು ಒಂಬತ್ತು ಎಕರೆ ಬೆಟ್ಟ. ಆ ಬೆಟ್ಟದ ಹಸಿಸೊಪ್ಪು, ಬೇಸಗೆಯ ಒಣಗಿದ ಎಲೆ ಕೊಟ್ಟಿಗೆಗೆ ಬಂದು, ದನಗಳ ಕಾಲ್ತುಳಿತಕ್ಕೆ ಸಿಕ್ಕಿ, ಸಗಣಿ ಗಂಜಲಗಳಲ್ಲಿ ಕಲೆತು, ಗೊಬ್ಬರವಾಗಿ ಅಡಕೆಮರದ ಬುಡವನ್ನು ಸೇರುತ್ತಿದ್ದಿತು. ಅಡಕೆಮರದಿಂದ ಉದುರಿದ ಹಾಳೆ ಮನೆಗೆ ಬಂದು ದುಡಿಯುವವನ ತಲೆಯ ಟೊಪ್ಪಿಯಾಗಿ, ನೀರೆತ್ತುವ ಪಡಿಯಾಗಿ, ಉಣ್ಣುವ ಎಲೆಯಾಗಿ ಕೊನೆಗೆ ಮತ್ತೆ ಗೊಬ್ಬರದ ಗುಂಡಿಗೇ ಹೋಗುತ್ತಿದ್ದಿತು.

ತಿಪ್ಪೆಯ ಮೇಲಣ ಗೌರವ ಎಷ್ಟೆಂಬುದನ್ನು ದೀಪಾವಳಿಯ ಆಚರಣೆಯಿಂದ ತಿಳಿಯಬಹುದು. ಬಲಿಪಾಡ್ಯಮಿಯ ದಿನ ಉತ್ತರ ಕರ್ನಾಟಕದ ಮನೆಗಳ ಹೊಸ್ತಿಲಲ್ಲಿ ಸಗಣಿಯಿಂದ ಹಟ್ಟೆವ್ವನನ್ನು ಮಾಡಿ, ಹೂ ಮುಡಿಸಿ ಪೂಜಿಸುತ್ತಾರೆ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ದೇವರ ಗೂಡಿಗೆ, ಕೊಟ್ಟಿಗೆಗೆ, ಬಾವಿಯ ಕಟ್ಟೆಗೆ ದೀಪವಿಡುವ ಕೈ ತಿಪ್ಪೆಗೂ ಒಂದು ದೀಪವನ್ನು ಇಟ್ಟು ಬರುತ್ತಿದ್ದಿತು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮತ್ತೆ ಮಗು ಹುಟ್ಟಿದರೆ, ಅದನ್ನು ತಿಪ್ಪೆಯ ಮೇಲೆ ಹೊರಳಿಸಿ, ಅಲ್ಲಿಂದ ಎತ್ತಿ ತಂದ ಕೂಸೆಂದು ಭಾವಿಸಿ, ತಿಪ್ಪಣ್ಣ, ತಿಪ್ಪಮ್ಮ ಎಂದು ಹೆಸರಿಡುತ್ತಿದ್ದರು. ಚಳ್ಳಕೆರೆ ಸೀಮೆಯ ನಾಯಕನಹಟ್ಟಿಯಲ್ಲಿ ಗದ್ದುಗೆಯಾಗಿರುವ, ಕೆರೆಗಳನ್ನು ಕಟ್ಟಿಸಿದನೆಂದು ಜನ ನೆನೆಯುವ ಸಂತನ ಹೆಸರು ತಿಪ್ಪೇರುದ್ರಸ್ವಾಮಿ. ಆ ಹೆಸರನ್ನು ಹೊತ್ತವರು ಚಿತ್ರದುರ್ಗದ ಸೀಮೆಯಲ್ಲಿ ಮನೆಗೊಬ್ಬರೆಂಬಷ್ಟು ಇದ್ದಾರೆ.

ಆದರೆ ತಿಪ್ಪೆಗೆ ಹೋಗುವುದಕ್ಕೆ ಮುಂಚೆ ಪ್ರತಿಯೊಂದು ವಸ್ತುವೂ ಮನೆಯೊಳಗೇ ಹಲವು ಜನ್ಮಗಳನ್ನು ಎತ್ತಿ ಬರಬೇಕಾಗಿದ್ದಿತು. ಅಡಿಗೆಮನೆಯನ್ನೇ ತೆಗೆದುಕೊಳ್ಳೋಣ. ಹೀರೇಕಾಯಿಯ ತಿರುಳು ಹುಳಿಗಾದರೆ ಸಿಪ್ಪೆ ಚಟ್ನಿಗೆ. ಬಾಳೆಕಾಯಿಯ ಸಿಪ್ಪೆ ಪಲ್ಯಕ್ಕೆ. ಗೊನೆ ಕಡಿದ ಬಾಳೆಯ ದಿಂಡು ಕೋಸಂಬರಿಗೆ, ಪಲ್ಯಕ್ಕೆ. ಕಿತ್ತಳೆಯ ಸಿಪ್ಪೆ ಗೊಜ್ಜಿಗೆ. ದಾಳಿಂಬೆಯ ಒಣಸಿಪ್ಪೆ ಹೊಟ್ಟೆನೋವಿನ ದಿನದ ತಂಬುಳಿಗೆ. ಹಲಸಿನ ತೊಳೆಯನ್ನು ತಿಂದವರು ಬೀಜವನ್ನು ಮಣ್ಣಿನಲ್ಲಿ ಹೂತಿಟ್ಟು ಮಳೆಗಾಲದ ಸಾರಿಗೆ ತೆಗೆಯುತ್ತಿದ್ದರು. ಕಲ್ಲಂಗಡಿಯ ಕೆಂಪು ಮುಗಿದ ಮೇಲೆ ಉಳಿಯುವ ಬಿಳಿಯ ಭಾಗ ಮಂಗಳೂರಿನ ಕಡೆ ದೋಸೆಯ ಹಿಟ್ಟಿಗೆ ಸೇರುತ್ತಿದ್ದಿತು. ರಾತ್ರಿಯ ಅನ್ನ ಬೆಳಗ್ಗೆ ತಂಗಳಾಗಿಯೋ ಚಿತ್ರಾನ್ನವಾಗಿಯೋ ಮತ್ತೆ ಎಲೆಗೆ ಬರುತ್ತಿದ್ದಿತು. ಹೆಚ್ಚು ಉಳಿದರೆ ಬಿಸಿಲಿನಲ್ಲಿ ಸಂಡಿಗೆಯಾಗುತ್ತಿದ್ದಿತು. ಅಕ್ಕಿ ತೊಳೆದ ನೀರು, ಬೇಳೆ ಬಸಿದ ಕಟ್ಟಿನಲ್ಲಿ ಉಳಿದದ್ದು, ಸೊಪ್ಪಿನ ದಂಟು ಇವು ಹಿತ್ತಿಲ ಬಾಗಿಲಿನ ಬಾನಿಯಲ್ಲಿ ಕಲಗಚ್ಚಾಗಿ ಕೂಡಿ, ಸಂಜೆ ಹಸುವಿನ ಬಾಯಿಗೆ ಬೀಳುತ್ತಿದ್ದುವು. ಹಸುವಿಲ್ಲದ ಪೇಟೆಯ ಮನೆಗಳಲ್ಲಿಯೂ ಕಲಗಚ್ಚಿನ ಪಾತ್ರೆ ಇದ್ದೇ ಇರುತ್ತಿದ್ದಿತು. ಎಮ್ಮೆ ಕಟ್ಟಿದವರು ಬಂದು ಅದನ್ನು ಹೊತ್ತುಕೊಂಡು ಹೋಗುತ್ತಿದ್ದರು. ಒಲೆಯಲ್ಲಿ ಕರಟ ಉರಿದು, ಬೂದಿಯಾಗಿ, ಆ ಬೂದಿಯು ತೆಂಗಿನ ನಾರಿನೊಡನೆ ಸೇರಿ ಪಾತ್ರೆಗಳನ್ನು ಬೆಳಗುತ್ತಿದ್ದಿತು. ಇನ್ನಷ್ಟು ಬೂದಿ ಬಿತ್ತನೆಯ ಕಾಳಿಗೆ ಹುಳು ಹಿಡಿಯದಂತೆ ಅದರಲ್ಲಿ ಬೆರೆಯುತ್ತಿದ್ದಿತು. ಮದುವೆಮನೆಯಲ್ಲಿ ಸಾವಿರ ಜನ ಉಂಡೆದ್ದರೂ ಹಿಂದೆ ಉಳಿಯುತ್ತಿದ್ದದ್ದು ಬಾಳೆಯೆಲೆ, ಇಲ್ಲವೆ ಕಡ್ಡಿಯಿಂದ ಹಚ್ಚಿದ ಮುತ್ತುಗದ ಎಲೆ. ಅವು ಎರಡು ತಿಂಗಳು ಗುಂಡಿಯಲ್ಲಿ ಕೊಳೆತರೆ ಮಣ್ಣಿಗೂ ಅವಕ್ಕೂ ಭೇದವಿರಲಿಲ್ಲ.

ಬಟ್ಟೆಯ ಆಯುಸ್ಸು ಇನ್ನೂ ದೀರ್ಘ. ಮದುವೆಗೆ ಕೊಂಡ ಇಳಕಲ್ಲಿನ ಸೀರೆ ಮೊದಲು ಹಬ್ಬಕ್ಕೆ, ಆಮೇಲೆ ನಿತ್ಯಕ್ಕೆ, ಅದು ಮಾಸಿದ ಬಳಿಕ ಹರಿದು ಮಗಳ ಲಂಗಕ್ಕೆ, ಬಾಣಂತಿಯ ಕೋಣೆಯ ತೊಟ್ಟಿಲಿಗೆ ಬಂದು, ಅಲ್ಲಿಂದ ಮುಂದೆ ಕೌದಿಯೊಳಗೆ ಸೇರುತ್ತಿದ್ದಿತು. ಧಾರವಾಡ, ಬಿಜಾಪುರ, ಬಾಗಲಕೋಟೆಗಳ ಮನೆಗಳಲ್ಲಿ ಕೌದಿಯಿಲ್ಲದ ಹಾಸಿಗೆಯಿರಲಿಲ್ಲ. ಸವೆದ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಒಂದರ ಮೇಲೊಂದು ಪದರವಾಗಿ ಹರಡಿ, ಬಣ್ಣ ಉಳಿದಿರುವ ಚೂರುಗಳನ್ನು ಮೇಲುಗಡೆಗೆ ಆರಿಸಿ, ಅಂಚಿನಿಂದ ಒಳಕ್ಕೆ ಚೌಕದೊಳಗೆ ಚೌಕವಾಗಿ ದಾರದ ಸಾಲುಗಳನ್ನು ಹಾಕುತ್ತ ಹೋಗುವ ಈ ಕೆಲಸವನ್ನು ಮನೆಯ ಮುದುಕಿಯರು ಮಧ್ಯಾಹ್ನದ ಹೊತ್ತು ಕೂತು ಮಾಡುತ್ತಿದ್ದರು. ಊರೂರು ತಿರುಗುವ ಗೋಂದಲಿಗರ ಹೆಂಗಸರು ಮನೆಯ ಕಟ್ಟೆಯ ಮೇಲೆ ಕೂತು, ಕಾಳಿಗೋ ಕಾಸಿಗೋ, ಹೊಲಿದು ಕೊಡುತ್ತಿದ್ದರು. ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಸಿದ್ದಿ ಸಮುದಾಯದ ಹೆಂಗಸರ ಕೌದಿ ಈ ಕುಲಕ್ಕೇ ಸೇರಿದ್ದಾದರೂ ಅದರ ಬಣ್ಣಗಳ ಜೋಡಣೆ ಅವರದೇ. ನಾಲ್ಕು ಮೂಲೆಗಳಲ್ಲಿ ಮಡಿಸಿದ ಬಟ್ಟೆಯ ಸಣ್ಣ ಹೂಗಳನ್ನು ಹೊಲಿಯದೆ ಅವರು ಕೌದಿಯನ್ನು ಮುಗಿಸುವುದಿಲ್ಲ. ಇಂದು ಈ ಕೌದಿಗಳನ್ನು ದೂರದೇಶದ ವಸ್ತುಸಂಗ್ರಹಾಲಯಗಳವರು ಕಲಾಕೃತಿಗಳೆಂದು ಕೊಂಡುಕೊಳ್ಳುತ್ತಾರೆ. ಅದು ಯೋಗ್ಯವಾದ ಮನ್ನಣೆಯೇ. ಆದರೆ ಅಜ್ಜಿಯ ಸೀರೆಯನ್ನು ಹೊದೆದು ಮೊಮ್ಮಗು ಮಲಗುತ್ತಿದ್ದ ಮನೆಯಲ್ಲಿ ಅದಕ್ಕಿದ್ದ ಬೆಲೆಯನ್ನು ಯಾವ ವಸ್ತುಸಂಗ್ರಹಾಲಯವೂ ಕಟ್ಟಲಾರದು.

ಲೋಹದ ಪಾತ್ರೆಗೆ ಕಲಾಯಿಯವನಿದ್ದನು. ತಿದಿ, ಇದ್ದಿಲು, ತವರ, ನವಸಾಗರಗಳೊಡನೆ ಅವನು ಬೀದಿಯ ಮರದಡಿಯಲ್ಲಿ ಕುಳಿತರೆ ಓಣಿಯ ಹಿತ್ತಾಳೆಯೆಲ್ಲ ಅವನ ಮುಂದೆ ಬಂದು ಹೊಸತಾಗಿ ಹೋಗುತ್ತಿದ್ದಿತು. ತೂತಾದ ತಾಮ್ರದ ಹಂಡೆಗೆ ಬೆಸುಗೆ, ಮೊಂಡಾದ ಈಳಿಗೆಗೆ ಸಾಣೆ, ಹರಕು ಕೊಡೆಗೆ ಹೊಸ ಕಡ್ಡಿ ಹಾಕುವವರು ಒಬ್ಬೊಬ್ಬರಾಗಿ ಬಾಗಿಲಿಗೆ ಬರುತ್ತಿದ್ದರು. ಅಂಗಡಿಯ ಸಕ್ಕರೆ ಬೇಳೆಗಳು ಹಳೆಯ ಪತ್ರಿಕೆಯ ಪೊಟ್ಟಣದಲ್ಲಿ ದಾರ ಸುತ್ತಿಸಿಕೊಂಡು ಬಂದರೆ, ಪೊಟ್ಟಣ ಒಲೆ ಹೊತ್ತಿಸುವುದಕ್ಕೂ ದಾರ ಹೂ ಕಟ್ಟುವುದಕ್ಕೂ ಆಗುತ್ತಿದ್ದಿತು. ಎಣ್ಣೆಗೆ ಸೀಸೆ, ವರ್ತನೆಯ ಹಾಲಿಗೆ ಚೊಂಬು, ತರಕಾರಿಗೆ ಕೈಚೀಲ ಮನೆಯಿಂದಲೇ ಹೊರಡುತ್ತಿದ್ದುವು. ಇವೆಲ್ಲವೂ ಆದ ಮೇಲೆ ನಿಜವಾಗಿ ಉಳಿದ ಕಬ್ಬಿಣದ ಚೂರು, ಒಡೆದ ಗಾಜುಗಳನ್ನು ಗುಜರಿಯವನು ಕೊಂಡುಕೊಂಡು ಹೋಗುತ್ತಿದ್ದನು.

ಈ ಬಗೆಯ ಬಾಳಿಗೆ ಅನುಕೂಲತೆಯ ಕಾರಣ ಮಾತ್ರವಲ್ಲ, ಒಂದು ಧರ್ಮದ ಕಾರಣವೂ ನಮ್ಮ ನಾಡಿನಲ್ಲಿ ಬಹು ಹಿಂದೆಯೇ ಹೇಳಲ್ಪಟ್ಟಿತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನ ಕಾಯಕ, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಅಂದರೆ, ಇತರರು ನೆಲದ ಪಾಲು ಮಾಡಿದ ಧಾನ್ಯವನ್ನು ಮರಳಿ ಅನ್ನದ ಪಾಲು ಮಾಡುವುದು. ಒಂದು ದಿನ ಅವನು ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಅವನ ಪತ್ನಿ ಲಕ್ಕಮ್ಮನು, ಈ ಆಸೆ ಶರಣರಿಗೆ ಸಲ್ಲದು, ನಮಗೆ ನಿತ್ಯಕ್ಕೆ ಬೇಕಾದಷ್ಟನ್ನೇ ಉಳಿಸಿ ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬಾ ಎಂದು ಅವನನ್ನು ಹಿಂದಕ್ಕೆ ಕಳುಹಿಸಿದಳೆಂಬ ಕಥೆಯನ್ನು ಕನ್ನಡಿಗರೆಲ್ಲ ಬಲ್ಲರು. ಅದೇ ಕಾಲದ ಸತ್ಯಕ್ಕನ ಕಾಯಕವೋ ಶಿವಭಕ್ತರ ಮನೆಯಂಗಳದ ಕಸ ಗುಡಿಸುವುದು. ಶಂಭುಜಕ್ಕೇಶ್ವರನೆಂಬ ಅಂಕಿತದಲ್ಲಿ ವಚನಗಳನ್ನು ಹೇಳಿದ ಆ ತಾಯಿ, ದಾರಿಯಲ್ಲಿ ಹೊನ್ನೋ ವಸ್ತ್ರವೋ ಬಿದ್ದಿದ್ದರೂ ಕೈಯಿಂದ ಮುಟ್ಟೆನೆಂಬ ಪ್ರತಿಜ್ಞೆಯನ್ನು ಕೈಕೊಂಡವಳು. ಕಸವನ್ನು ಗುಡಿಸುವ ಕೈಗೂ ವಚನವನ್ನು ರಚಿಸುವ ವಾಣಿಗೂ ಅಂತರವಿಲ್ಲವೆಂದು ಒಪ್ಪಿದ ಸಮಾಜ ಈ ನಾಡಿನಲ್ಲಿ ಕೆಲವು ವರ್ಷಗಳ ಮಟ್ಟಿಗಾದರೂ ಇದ್ದಿತು.

ಆ ಕೆಲವು ವರ್ಷಗಳ ಹಿಂದೆಯೂ ಮುಂದೆಯೂ ಇದ್ದ ಸಮಾಜ ಹಾಗಿರಲಿಲ್ಲವೆಂಬುದನ್ನು ಇಲ್ಲಿಯೇ ಹೇಳಬೇಕು. ಹೇಳದಿದ್ದರೆ ಈ ಚರಿತ್ರೆ ಸುಳ್ಳಾಗುತ್ತದೆ. ಹಿಂದಿನವರು ಕಸ ಮಾಡದಿದ್ದುದಕ್ಕೆ ವಿವೇಕದಷ್ಟೇ ಬಡತನವೂ ಕಾರಣ. ಎರಡೇ ಸೀರೆಯುಳ್ಳವಳಿಗೆ ಅವನ್ನು ಕೌದಿಯಾಗುವ ತನಕ ಉಡದೆ ಬೇರೆ ದಾರಿಯಿರಲಿಲ್ಲ. ಮದುವೆಮನೆಯ ಎಲೆಗಳು ಹೊರಗೆ ಬಿದ್ದಾಗ ಅವುಗಳ ಬಳಿ ನಾಯಿಗಳೊಡನೆ ಹಸಿದ ಮನುಷ್ಯರೂ ಕಾದಿರುತ್ತಿದ್ದರು. ಪೇಟೆಗಳಲ್ಲಿ ಮನುಷ್ಯನ ಮಲವನ್ನು ಬರಿಗೈಯಿಂದ ಬಾಚಿ, ತಲೆಯ ಮೇಲೆ ಹೊತ್ತು ಊರಾಚೆಗೆ ಸಾಗಿಸುವ ಹೊರೆಯನ್ನು ನಾವು ಕೆಲವು ಜಾತಿಗಳ ಮೇಲೆ ಹೇರಿ, ಹಾಗೆ ಹೇರಿದ್ದನ್ನು ಅವರ ಹುಟ್ಟಿನ ಧರ್ಮವೆಂದು ಕರೆದೆವು. ದೇವರಾಜ ಅರಸರ ಮಂತ್ರಿಮಂಡಲದಲ್ಲಿ ಪೌರಾಡಳಿತದ ಹೊಣೆಯನ್ನು ಹೊತ್ತಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದ ಆದಿಭಾಗದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಷೇಧಿಸಿದರು. ಸಂಸತ್ತಿನ ಕಾನೂನು ಬಂದದ್ದು 1993ರಲ್ಲಿ, ಇನ್ನೂ ಬಿಗಿಯಾದದ್ದು 2013ರಲ್ಲಿ. ಹಳೆಯ ಬಾಳಿನಿಂದ ನಾವು ಕಲಿಯಬೇಕಾದದ್ದು ಬಹಳವಿದೆ. ಆದರೆ ಒಬ್ಬನ ಮನೆಯ ಶುದ್ಧಿಗಾಗಿ ಮತ್ತೊಬ್ಬನ ಬಾಳನ್ನು ಅಶುದ್ಧವೆಂದು ಕರೆಯುವುದು ಆ ಕಲಿಯಬೇಕಾದುದರಲ್ಲಿ ಸೇರಿಲ್ಲ.

ಬೆಂಗಳೂರಿನ ಕಥೆಗೆ ಬರೋಣ. 1898ರ ಆಗಸ್ಟಿನಲ್ಲಿ ಪ್ಲೇಗು ಈ ನಗರಕ್ಕೆ ಕಾಲಿಟ್ಟಿತು. ಇಕ್ಕಟ್ಟಾದ ಪೇಟೆಯ ಮನೆಗಳು ತೆರವಾದುವು. ಜನ ಊರ ಹೊರಗೆ ಗುಡಿಸಲು ಕಟ್ಟಿಕೊಂಡರು. ಬೀದಿಬೀದಿಗೆ ಪ್ಲೇಗಿನ ಮಾರಮ್ಮನ ಗುಡಿಗಳು ಎದ್ದುವು. ಆಗತಾನೆ ರೂಪುಗೊಳ್ಳುತ್ತಿದ್ದ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಈ ಭೀತಿಯ ಫಲವಾಗಿ ಬೇಗಬೇಗನೆ ತುಂಬಿಕೊಂಡುವು. ವಿಶಾಲವಾದ ಬೀದಿ, ಮನೆಯ ಸುತ್ತ ಗಾಳಿ ಬೆಳಕುಗಳಿಗೆ ಎಡೆ, ಬೆನ್ನಿಗೆ ಬೆನ್ನು ಕೊಟ್ಟು ನಿಂತ ಎರಡು ಸಾಲು ಮನೆಗಳ ನಡುವೆ ಒಂದು ಕಿರಿದಾದ ಕನ್ಸರ್ವೆನ್ಸಿ ಓಣಿ. ಮನೆಯ ಮಲವೂ ಕಸವೂ ಮುಂಬಾಗಿಲಿನವರ ಕಣ್ಣಿಗೆ ಬೀಳದೆ, ಹಿಂದಿನಿಂದ ಹಿಂದಕ್ಕೇ ಸಾಗಿಹೋಗಲೆಂದು ಈ ಓಣಿಯ ಏರ್ಪಾಡು. ಆರೋಗ್ಯದ ದೃಷ್ಟಿಯಿಂದ ಅಂದಿನ ಅಧಿಕಾರಿಗಳು ಮಾಡಿದ್ದು ಸರಿಯೇ. ಇಲಿಗಳು ಮನುಷ್ಯರನ್ನು ಕೊಲ್ಲುತ್ತಿದ್ದ ಕಾಲದಲ್ಲಿ ಕಸವನ್ನು ಮನೆಯಿಂದ ದೂರ ಕಳುಹಿಸದೆ ಗತ್ಯಂತರವಿರಲಿಲ್ಲ. ಆದರೆ ನನ್ನ ಅಭಿಪ್ರಾಯದಲ್ಲಿ ನಮ್ಮ ಗೃಹಚರಿತ್ರೆಯ ದೊಡ್ಡ ತಿರುವು ಆ ಓಣಿಯಲ್ಲಿಯೇ ನಡೆಯಿತು. ಅಲ್ಲಿಯ ತನಕ ಕಸಕ್ಕೆ ಒಡೆಯನಿದ್ದನು. ಅಲ್ಲಿಂದ ಮುಂದೆ ಅದನ್ನು ಹುಟ್ಟಿಸಿದವನಿಗೂ ಅದರ ಅಂತ್ಯಕ್ಕೂ ಸಂಬಂಧ ತಪ್ಪಿಹೋಯಿತು. ತಿಪ್ಪೆ ನಮ್ಮದಾಗಿದ್ದಿತು, ಓಣಿಗೆ ಬರುವ ಕಸದ ಬಂಡಿಗೆ ಹಾಕಿದ್ದು ನಮ್ಮದಲ್ಲವಾಯಿತು.

ಬಂಡಿ ಒಯ್ದ ಕಸವನ್ನು ಮತ್ತೆ ನೆಲಕ್ಕೆ ಮುಟ್ಟಿಸುವ ದಾರಿಯನ್ನು ಹುಡುಕಿದವರು ವಿಜ್ಞಾನಿಗಳು. ಆಲ್ಬರ್ಟ್ ಹೋವರ್ಡ್ ಎಂಬ ಆಂಗ್ಲ ಸಸ್ಯವಿಜ್ಞಾನಿ 1924ರಿಂದ 1931ರ ವರೆಗೆ ಇಂದೂರಿನ ಕೃಷಿ ಸಂಶೋಧನ ಸಂಸ್ಥೆಯೊಂದರಲ್ಲಿದ್ದು, ಚೀನಾದ ರೈತರ ಪದ್ಧತಿಯಿಂದಲೂ ನಮ್ಮ ರೈತರ ಅನುಭವದಿಂದಲೂ ಪಾಠ ಕಲಿತು, ಯಶವಂತ ವಾಡ್ ಎಂಬ ಸಹೋದ್ಯೋಗಿಯೊಡನೆ ಇಂದೂರು ಪದ್ಧತಿಯನ್ನು ರೂಪಿಸಿದನು. ಅದರಲ್ಲಿ ಗೊಬ್ಬರದ ರಾಶಿಯನ್ನು ಮತ್ತೆ ಮತ್ತೆ ಮಗುಚಿ ಗಾಳಿಯಾಡಿಸಬೇಕು, ನೀರು ಚಿಮುಕಿಸಬೇಕು. ಕೂಲಿಯೂ ನೀರೂ ಹೆಚ್ಚು ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗಿಲ್ಬರ್ಟ್ ಫೌಲರ್ 1916ರಲ್ಲಿ ಬಂದು ಸೇರಿದಂದಿನಿಂದ ನಗರದ ಕೊಳಚೆ ಮತ್ತು ಕಸಗಳ ಮೇಲೆ ಸಂಶೋಧನೆ ನಡೆಯುತ್ತಿದ್ದಿತು. ಅದೇ ಸಂಸ್ಥೆಯ ಸಿ. ಎನ್. ಆಚಾರ್ಯ ಎಂಬ ವಿಜ್ಞಾನಿ 1939ರ ಹೊತ್ತಿಗೆ ಬೇರೊಂದು ಕ್ರಮವನ್ನು ಸಿದ್ಧಪಡಿಸಿದರು. ಸುಮಾರು ಮೂರಡಿ ಆಳದ ಕಂದಕವನ್ನು ತೋಡುವುದು. ಅದರೊಳಗೆ ಆರಂಗುಲ ದಪ್ಪಕ್ಕೆ ಊರಿನ ಕಸ, ಅದರ ಮೇಲೆ ಎರಡಂಗುಲ ಮಲ, ಮತ್ತೆ ಕಸ, ಮತ್ತೆ ಮಲ, ಹೀಗೆ ನೆಲಮಟ್ಟಕ್ಕಿಂತ ಒಂದಡಿ ಮೇಲಕ್ಕೆ ಬರುವ ತನಕ ಹರಡುವುದು. ಎಲ್ಲಕ್ಕೂ ಮೇಲೆ ದಪ್ಪನೆಯ ಕಸದ ಹೊದಿಕೆ, ಅದರ ಮೇಲೆ ಮಣ್ಣಿನ ಮೆತ್ತಿಗೆ. ಮಗುಚುವುದಿಲ್ಲ, ನೀರು ಹಾಕುವುದಿಲ್ಲ. ಕೆಲವು ದಿನಗಳಲ್ಲಿಯೇ ಒಳಗೆ ಶಾಖ ಏರಿ, ರೋಗಾಣುಗಳೂ ನೊಣದ ಮರಿಗಳೂ ಸತ್ತು, ಆಮೇಲೆ ನಿಧಾನವಾಗಿ ಕಳಿತು, ನಾಲ್ಕರಿಂದ ಆರು ತಿಂಗಳಲ್ಲಿ ದುರ್ಗಂಧವಿಲ್ಲದ ಕಪ್ಪು ಗೊಬ್ಬರ ಸಿದ್ಧವಾಗುತ್ತದೆ. ಮಣ್ಣಿನ ಮೆತ್ತಿಗೆಯಿಂದಾಗಿ ನೊಣ ಬಾರದು; ಸಾರಜನಕವೂ ಗಾಳಿಯ ಪಾಲಾಗುವುದು ಕಡಮೆ. ಭಾರತದ ಕೃಷಿ ಸಂಶೋಧನ ಪರಿಷತ್ತು ಇದನ್ನು ಎತ್ತಿಕೊಂಡು ದೇಶದ ಪುರಸಭೆಗಳಿಗೆ ಹಬ್ಬಿಸಿತು. ಅಂದಿನಿಂದ ಇಂದಿನವರೆಗೂ ಕೃಷಿವಿದ್ಯಾಲಯಗಳ ಪಠ್ಯಗಳಲ್ಲಿ ಅದರ ಹೆಸರು ಬೆಂಗಳೂರು ಪದ್ಧತಿ.

ಕಸದ ಗುಡ್ಡಗಳಿಂದಾಗಿ ಪತ್ರಿಕೆಗಳಲ್ಲಿ ಹೆಸರು ಕೆಡಿಸಿಕೊಂಡ ಈ ನಗರದ ಹೆಸರೇ, ಕಸವನ್ನು ಸದ್ಗತಿಗೆ ತಲಪಿಸುವ ವಿಧಾನವೊಂದಕ್ಕೆ ಲೋಕದ ಗ್ರಂಥಗಳಲ್ಲಿ ನಿಂತಿರುವುದನ್ನು ನಮ್ಮ ಮಕ್ಕಳಿಗೆ ಯಾರೂ ಹೇಳಲಿಲ್ಲ. ಆ ಪದ್ಧತಿ ಅದರ ಹುಟ್ಟೂರಿನಲ್ಲಿಯೇ ಕ್ಷೀಣಿಸಿದ್ದಕ್ಕೆ ಕಾರಣಗಳಿವೆ. ಒಳಚರಂಡಿ ಬಂದು ಮಲವನ್ನು ನೀರಿನೊಡನೆ ಕೊಂಡೊಯ್ದಿತು. ಮಲ ಹೊರುವ ಅಮಾನುಷವಾದ ಕೆಲಸ ಅದರಿಂದ ತಪ್ಪಿದ್ದರಿಂದ ಅದಕ್ಕಾಗಿ ನಾವು ಹರ್ಷಿಸಲೇಬೇಕು. ಹೆಚ್ಚುಕಡಮೆ ಆಚಾರ್ಯರ ಸಂಶೋಧನೆಯ ಕಾಲದಲ್ಲಿಯೇ ಮೈಸೂರಿನ ಸಮೀಪದ ಬೆಳಗೊಳದ ಕಾರ್ಖಾನೆಯಲ್ಲಿ ಅಮೋನಿಯಂ ಸಲ್ಫೇಟು ತಯಾರಾಗತೊಡಗಿತು. ಗಾಡಿ ಗಾಡಿ ಗೊಬ್ಬರದ ಬದಲು ಒಂದು ಮೂಟೆ ಬಿಳಿಯ ಪುಡಿ ಸಾಕೆಂಬ ಆಕರ್ಷಣೆ ರೈತನನ್ನು ಕ್ರಮೇಣ ತಿಪ್ಪೆಯಿಂದ ದೂರ ಸೆಳೆಯಿತು. ನಗರದ ಸುತ್ತಣ ಹೂವು ತರಕಾರಿಗಳ ತೋಟಗಳು ನಿವೇಶನಗಳಾದುವು, ಗೊಬ್ಬರವಾದರೂ ಕೊಳ್ಳುವವರಿಲ್ಲವಾಯಿತು. 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವನ್ನು ಸ್ಥಾಪಿಸಿ ಸರ್ಕಾರ ಈ ಪರಂಪರೆಯನ್ನು ಉಳಿಸಲು ಪ್ರಯತ್ನಿಸಿತು. ಆದರೆ ಎಲ್ಲಕ್ಕಿಂತ ದೊಡ್ಡ ಕಾರಣ, ಬಂಡಿಗೆ ಬೀಳುತ್ತಿದ್ದ ಕಸದ ಸ್ವಭಾವವೇ ಬದಲಾದದ್ದು.

ಆಚಾರ್ಯರ ಕಂದಕಕ್ಕೆ ಹೋಗುತ್ತಿದ್ದ ಕಸದಲ್ಲಿ ಕೊಳೆಯದಿರುವ ವಸ್ತು ಬಹು ಸ್ವಲ್ಪ. ಪೊಟ್ಟಣದ ಸ್ಥಾನಕ್ಕೆ ಪ್ಲಾಸ್ಟಿಕ್ ಚೀಲ, ಚೊಂಬಿನ ಸ್ಥಾನಕ್ಕೆ ಹಾಲಿನ ಪ್ಯಾಕೆಟ್ಟು, ಸೀಗೆಪುಡಿಯ ಡಬ್ಬಿಯ ಸ್ಥಾನಕ್ಕೆ ಒಂದೇ ಸ್ನಾನಕ್ಕೆ ಸಾಲುವ ಶ್ಯಾಂಪೂವಿನ ಚೀಟಿ, ಮುತ್ತುಗದ ಎಲೆಯ ಸ್ಥಾನಕ್ಕೆ ತೆಳುವಾದ ಪ್ಲಾಸ್ಟಿಕ್ ಹಚ್ಚಿದ ಕಾಗದದ ತಟ್ಟೆ ಬಂದಮೇಲೆ, ಹೀರೇಕಾಯಿಯ ಸಿಪ್ಪೆಯೂ ಹಾಲಿನ ಪ್ಯಾಕೆಟ್ಟೂ ಒಂದೇ ಚೀಲದಲ್ಲಿ ಕಟ್ಟಿಸಿಕೊಂಡು ಬೀದಿಗೆ ಬರತೊಡಗಿದುವು. ಬೇರೆ ಬೇರೆಯಾಗಿದ್ದರೆ ಒಂದು ಗೊಬ್ಬರವಾಗಬಲ್ಲುದು, ಇನ್ನೊಂದು ಗುಜರಿಗೆ ಹೋಗಿ ಮತ್ತೆ ವಸ್ತುವಾಗಬಲ್ಲುದು. ಕೂಡಿದರೆ ಎರಡೂ ಕೆಡುತ್ತವೆ. ಮನೆಯ ಕಸದಲ್ಲಿ ಅರ್ಧಕ್ಕಿಂತ ಹೆಚ್ಚಿನ ಭಾಗ ಇಂದಿಗೂ ಅಡಿಗೆಮನೆಯ ಹಸಿ ಕಸವೇ ಆಗಿರುವಾಗ, ಈ ಕೂಡಿಕೆಯಿಂದ ಆಗುವ ನಷ್ಟ ಎಷ್ಟೆಂಬುದನ್ನು ಊಹಿಸಬಹುದು.

ಆ ನಷ್ಟವನ್ನು ಹೊತ್ತವರು ಮಾವಳ್ಳಿಪುರದವರು, ಮಂಡೂರಿನವರು. ಯಲಹಂಕದ ಆಚೆಯ ಮಾವಳ್ಳಿಪುರದಲ್ಲಿಯೂ ಹಳೆಯ ಮದರಾಸು ರಸ್ತೆಯ ಕಡೆಯ ಮಂಡೂರಿನಲ್ಲಿಯೂ ಬೆಂಗಳೂರಿನ ಲಾರಿಗಳು ವರ್ಷಗಟ್ಟಲೆ ಕಸವನ್ನು ಸುರಿದುವು. ಕೊಳೆತ ಕಸದ ಕಪ್ಪು ನೀರು ಅವರ ಬಾವಿಗಳಿಗೆ ಇಳಿಯಿತು. ನೊಣಗಳಿಂದ ಅವರು ನೆಮ್ಮದಿಯಾಗಿ ಉಣ್ಣಲಾರದಾದರು. 2012ರಲ್ಲಿ ಮಾವಳ್ಳಿಪುರಕ್ಕೆ ಲಾರಿ ಹೋಗುವುದು ನಿಂತಾಗ ನಗರದ ಬೀದಿಗಳಲ್ಲಿ ಕಸ ರಾಶಿಬಿದ್ದಿತು; ಆ ವರ್ಷದ ಅಕ್ಟೋಬರ್ 1ರಿಂದ ಕಸವನ್ನು ಮನೆಯಲ್ಲಿಯೇ ವಿಂಗಡಿಸಬೇ­ಕೆಂಬ ನಿಯಮ ಬಂದಿತು. 2014ರಲ್ಲಿ ಮಂಡೂರಿನವರು ಬೀದಿಗಿಳಿದು ಲಾರಿಗಳನ್ನು ತಡೆದರು. ಡಿಸೆಂಬರಿನಿಂದ ಅಲ್ಲಿಗೂ ಕಸ ಹೋಗುವುದು ನಿಂತಿತು. ನ್ಯಾಯಾಲಯ ಹಸಿ ಕಸಕ್ಕೊಂದು, ಅಪಾಯದ ಕಸಕ್ಕೊಂದು ಬುಟ್ಟಿ, ಒಣ ಕಸಕ್ಕೊಂದು ಚೀಲವೆಂದು ವಿಧಿಸಿತು. 2016ರ ಮಾರ್ಚ್ 11ರಂದು ಸರ್ಕಾರ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು ರಾಜ್ಯದಲ್ಲೆಲ್ಲ ನಿಷೇಧಿಸಿತು. ಇಷ್ಟಾದರೂ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಗಳ ಹಳೆಯ ಕಲ್ಲುಕ್ವಾರಿಗಳು ತುಂಬುವುದು ತಪ್ಪಲಿಲ್ಲ. ಸರ್ಕಾರದ ಆಜ್ಞೆ ಬಡಾವಣೆಯ ತಿರುವಿನ ತನಕ ಬರಬಲ್ಲುದು. ಈಳಿಗೆಮಣೆಯ ಬಳಿ ಕುಳಿತವರ ಕೈಯಲ್ಲಿರುವ ಸಿಪ್ಪೆ ಎಲ್ಲಿ ಬೀಳಬೇಕೆಂಬುದನ್ನು ಆ ಕೈಯೇ ನಿರ್ಣಯಿಸಬೇಕು.

ಹಾಗೆ ನಿರ್ಣಯಿಸಿದ ಕೈಗಳು ನಮ್ಮಲ್ಲಿ ಇಲ್ಲದೆ ಇಲ್ಲ. ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ನಾಗರಿಕರೇ ಮುಂದೆ ನಿಂತು, ಮನೆಮನೆಯ ಕಸವನ್ನು ತರಿಸಿ, ವಿಂಗಡಿಸಿ, ಹಸಿಯದನ್ನು ಗೊಬ್ಬರವಾಗಿಯೂ ಒಣಗಿದ್ದನ್ನು ಮಾರಾಟದ ವಸ್ತುವಾಗಿಯೂ ಮಾಡುವ ಕೇಂದ್ರವನ್ನು ನಡೆಸಿ ತೋರಿಸಿದರು. ಬೆಂಗಳೂರಿನಲ್ಲಿ ಚಿಂದಿ ಆಯುವವರು ಸಂಘಟಿತರಾಗಿ, ನಗರಪಾಲಿಕೆಯಿಂದ ಗುರುತಿನ ಚೀಟಿಗಳನ್ನು ಪಡೆದು, ಒಣ ಕಸದ ಕೇಂದ್ರಗಳನ್ನು ತಾವೇ ನಡೆಸುತ್ತಿದ್ದಾರೆ. ಆಯ್ದಕ್ಕಿ ಮಾರಯ್ಯನ ಕಾಯಕವನ್ನು ಇಂದು ಮಾಡುತ್ತಿರುವವರು ಅವರೇ ಎಂದು ನಾನು ತಿಳಿಯುತ್ತೇನೆ, ಮಾರಯ್ಯನಿಗೆ ಸಲ್ಲುವ ಗೌರವ ಅವರಿಗೂ ಸಲ್ಲಬೇಕು. ಬಹುಮಹಡಿ ಮನೆಗಳಲ್ಲಿರುವ ಎಷ್ಟೋ ಗೃಹಿಣಿಯರು ತೂತುಳ್ಳ ಎರಡು ಮಣ್ಣಿನ ಗಡಿಗೆಗಳನ್ನು ಮೊಗಸಾಲೆಯ ಮೂಲೆಯಲ್ಲಿಟ್ಟು, ಒಂದು ಪದರ ತರಕಾರಿಯ ಸಿಪ್ಪೆಗೆ ಒಂದು ಪದರ ಒಣಗಿದ ಎಲೆಯಂತೆ ತುಂಬುತ್ತ, ಒಂದು ಗಡಿಗೆ ತುಂಬಿ ಕಳಿಯುವುದರೊಳಗಾಗಿ ಇನ್ನೊಂದಕ್ಕೆ ಹಾಕುತ್ತ, ಎರಡು ಮೂರು ತಿಂಗಳಿಗೊಮ್ಮೆ ತಮ್ಮ ತುಳಸಿಗೂ ದಾಸವಾಳಕ್ಕೂ ಬೇಕಾದ ಗೊಬ್ಬರವನ್ನು ತೆಗೆಯುತ್ತಿದ್ದಾರೆ. ಗಡಿಗೆ ದುರ್ವಾಸನೆ ಬೀರಿದರೆ ಒಣಗಿದೆಲೆ ಸಾಲದೆಂದರ್ಥ; ಇದಕ್ಕಿಂತ ಹೆಚ್ಚಿನ ಶಾಸ್ತ್ರ ಅದರಲ್ಲಿಲ್ಲ. ಬೆಂಗಳೂರಿನ ಸಾಲುಮರಗಳು ಮಾಘ ಫಾಲ್ಗುಣಗಳಲ್ಲಿ ಉದುರಿಸುವ ಎಲೆಯನ್ನು ಬೀದಿಬದಿಯಲ್ಲಿ ಸುಡುವ ಬದಲು ಒಂದೆರಡು ಗೋಣಿಗಳಲ್ಲಿ ತುಂಬಿಟ್ಟುಕೊಂಡರೆ ಒಂದು ಸಂಸಾರದ ವರ್ಷದ ಗಡಿಗೆಗೆ ಸಾಕು.

ಓದುಗರಲ್ಲಿ ನನ್ನ ಪ್ರಾರ್ಥನೆ ಇಷ್ಟೆ. ಅಂಗಡಿಗೆ ಹೊರಡುವಾಗ ಒಂದು ಕೈಚೀಲವನ್ನೂ ಒಂದು ಡಬ್ಬಿಯನ್ನೂ ಜತೆಗೆ ಕೊಂಡುಹೋಗಿ. ಹರಿದ ಬಟ್ಟೆಯನ್ನು ಎಸೆಯುವುದಕ್ಕೆ ಮೊದಲು ಅದನ್ನು ಹೊಲಿಯುವವರು ನಿಮ್ಮ ಓಣಿಯಲ್ಲಿ ಇನ್ನೂ ಇದ್ದಾರೆಯೇ ಎಂದು ವಿಚಾರಿಸಿ, ಇದ್ದರೆ ಅವರಿಗೆ ಕೆಲಸ ಕೊಡಿ. ಪ್ಲಾಸ್ಟಿಕ್ಕನ್ನು ತೊಳೆದು, ಒಣಗಿಸಿ, ಗುಜರಿಯವರಿಗೆ ಒಪ್ಪಿಸಿ. ಅಡಿಗೆಮನೆಯ ಹಸಿ ಕಸವನ್ನು ಮಾತ್ರ ಯಾವ ಲಾರಿಗೂ ಹಾಕದಿರಿ, ನಿಮ್ಮ ಮನೆಯ ಹೊಸ್ತಿಲನ್ನು ದಾಟಗೊಡದಿರಿ.